ಪರದೆ ಹೂಂಗುಟ್ಟಲಿ

ನಮಸ್ಕಾರ. ಅಜ್ಜಿ ಕಥೆ ಹೇಳುವಾಗ ನಾವು ನಡುನಡುವೆ ‘ಹೂಂ’ ಅನ್ನದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. “ನಿದ್ದೆ ಬಂತೇನೋ?” ಡ್ಯಾಶ್‌ಬೋರ್ಡ್ ಮಾಡುವ ಹುಡುಗರಿಗೆ ನಾನು ಹೇಳುವುದೂ ಅಷ್ಟೇ: ಪರದೆ ಹೂಂಗುಟ್ಟಬೇಕು.

ಡ್ಯಾಶ್‌ಬೋರ್ಡ್ ಅಂದರೆ ಮಳೆ, ಮಾರಾಟ, ಹಾಜರಾತಿ ಇಂಥ ಲೆಕ್ಕವನ್ನೆಲ್ಲ ಕಂಪ್ಯೂಟರಿನ ಒಂದೇ ಪರದೆಯಲ್ಲಿ ತೋರಿಸುವ ಫಲಕ. ಬೇಕಾದ್ದನ್ನು ಒತ್ತಿದರೆ ಅದರ ಲೆಕ್ಕ ಬರುತ್ತದೆ. ಒತ್ತಿದ್ದು ತಲುಪಿತು ಅಂತ ಪರದೆ ಕೂಡಲೇ ತೋರಿಸುವುದೇ ಅದರ ಹೂಂ.

ಹಿಂದೊಮ್ಮೆ ಒಂದು ಕಚೇರಿಗೆ ಮಳೆ ಲೆಕ್ಕದ ಫಲಕ ಮಾಡಿಕೊಟ್ಟಿದ್ದೆ. ತಾಲ್ಲೂಕಿನ ಹೆಸರು ಒತ್ತಿದರೆ ಅಂಕಿ ಬರಲು ಮೂರು ಸೆಕೆಂಡು. ಅಷ್ಟು ಹೊತ್ತು ಪರದೆ ಗರಬಡಿದಂತೆ ಸುಮ್ಮನೆ. ಸಾಹೇಬರು ಒತ್ತಿದರು, ಕಾದರು, ಮತ್ತೆ ಒತ್ತಿದರು. ಎರಡನೇ ಸಲ ಒತ್ತಿದರೆ ಆಯ್ಕೆ ರದ್ದಾಗುತ್ತದೆ, ಹಾಗೆ ಬರೆದವನು ನಾನೇ! ಮೊದಲಿಂದ ಪರದೆಯಲ್ಲಿದ್ದ ಜಿಲ್ಲೆಯ ಸರಾಸರಿ ಹಾಗೇ ಉಳಿಯಿತು. ಅವರು ಅದನ್ನೇ ಬರೆದುಕೊಂಡರು. ಮುಂದಿನ ತಾಲ್ಲೂಕಿಗೂ ಅದೇ ಕಥೆ. ಕೊನೆಗೆ ಕನ್ನಡಕ ತೆಗೆದು ನನ್ನತ್ತ ತಿರುಗಿದರು: “ಏನ್ರೀ, ಇಡೀ ಜಿಲ್ಲೆಗೆ ಅಳತೆ ಮಾಡಿ ಸಮನಾಗಿ ಸುರಿದಿದೆಯಾ ಮಳೆ?”

ಅವಮಾನವಾಯಿತು. ರಾತ್ರಿ ಕೂತು ರಿಪೇರಿ ಮಾಡಿದೆ. ಒತ್ತಿದ ಕೂಡಲೇ ಪರದೆ ತುಂಬ ದೊಡ್ಡ ಪೆಟ್ಟಿಗೆ, ‘ದಯವಿಟ್ಟು ಕಾಯಿರಿ’. ಆಮೇಲೆ ಇನ್ನೊಂದು, ‘ಲೆಕ್ಕ ಬಂದಿದೆ’, ಕೆಳಗೆ ‘ಸರಿ’ ಗುಂಡಿ. ಸಾಹೇಬರು ಮತ್ತೆ ಕರೆದರು. “ಇದೇನ್ರೀ, ಪ್ರತಿಯೊಂದಕ್ಕೂ ಸರಿ, ಸರಿ ಅಂತ ನಾನೇ ಒಪ್ಪಿಗೆ ಕೊಡಬೇಕಾ?”

ನಿಜ ತಾನೇ? ಹೂಂ ಅನ್ನು ಅಂದರೆ ಕಿರುಚಿಕೊಂಡಂತೆ!

ಮೂರನೇ ಸಲ ಸರಿಹೋಯಿತು. ಒತ್ತಿದ ಹೆಸರಿನ ಸುತ್ತ ತಕ್ಷಣ ಒಂದು ಗೆರೆ. ಹಳೆಯ ಅಂಕಿ ಬೂದಿ ಬಣ್ಣಕ್ಕೆ ಮಸುಕಾಗುತ್ತದೆ. ಹೊಸದು ಬಂದಾಗ ಅದರ ಹಿಂದೆ ತೆಳು ಅರಿಸಿನದ ಛಾಯೆ, ಕ್ಷಣದಲ್ಲಿ ಮಾಯ. ಸಾಹೇಬರು ಏನೂ ಅನ್ನಲಿಲ್ಲ. ಬರೆದುಕೊಳ್ಳುತ್ತಾ ಹೋದರು.

ಕಂಪ್ಯೂಟರ್ ಎಷ್ಟು ಬೇಗ ಉತ್ತರಿಸಬೇಕು ಅಂತ 1968ರಲ್ಲೇ ಸಂಶೋಧಕ ರಾಬರ್ಟ್ ಮಿಲ್ಲರ್ ಬರೆದರು, 1993ರಲ್ಲಿ ಕಂಪ್ಯೂಟರ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ಮತ್ತೆ ಹೇಳಿದರು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಉತ್ತರ ಬಂದರೆ ಕೂಡಲೇ ಬಂದಂತೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ದಾಟಿದರೆ ಮನಸ್ಸು ಬೇರೆಲ್ಲೋ. ಲೆಕ್ಕ ತಡವಾಗಲಿ ಮಾರಾಯರೇ, ಹೂಂ ತಡವಾಗಬಾರದು! ಇದನ್ನು ಎಷ್ಟು ಸಲ ಹೇಳುವುದು?

ಬಣ್ಣದ ವಿಚಾರ ಹೇಳುವುದು ತುಂಬ ಇತ್ತು. ಕೆಂಪು, ಹಸಿರಿನ ವ್ಯತ್ಯಾಸ ಕಾಣದವರಿದ್ದಾರೆ, ಬಣ್ಣದ ಜೊತೆ ಬಾಣದ ಗುರುತೂ ಇಡಿ. ಮೊಬೈಲಿನಲ್ಲಿ ಬೆರಳೇ ಅಂಕಿಯನ್ನು ಮುಚ್ಚುತ್ತದೆ, ಗುರುತು ಬೆರಳಿನ ಮೇಲ್ಗಡೆ ಬರಲಿ. ಸ್ಟುಡಿಯೋದ ಗಾಜಿನಾಚೆಯಿಂದ ಸಮಯ ಮುಗಿಯಿತು ಅಂತ ಕೈಸನ್ನೆ ಬರುತ್ತಿದೆ. ನಮಸ್ಕಾರ.