ಮಳೆಗಾಲಕ್ಕೊಂದು ಸಾಕ್ಷ್ಯಚಿತ್ರ ಉತ್ಸವ

ಕೇಳುಗರಿಗೆ ನಮಸ್ಕಾರ.

ಸಾಕ್ಷ್ಯಚಿತ್ರ ಅಂದ ಕೂಡಲೇ ಐವತ್ತು ದಾಟಿದವರಿಗೆ ನೆನಪಾಗುವುದು ಟಾಕೀಸಿನಲ್ಲಿ ಮುಖ್ಯ ಸಿನಿಮಾಕ್ಕೆ ಮುಂಚೆ ಬರುತ್ತಿದ್ದ ವಾರ್ತಾಚಿತ್ರ. ಅಣೆಕಟ್ಟು, ನೆರೆ, ಮಂತ್ರಿಗಳ ಉದ್ಘಾಟನೆ, ಹಿಂದಿನಿಂದ ಒಂದು ಗಂಭೀರ ದನಿ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಜನ್‌ನ ಈ ಚಿತ್ರಗಳನ್ನು ತೋರಿಸುವುದು ಟಾಕೀಸಿನವರಿಗೆ ಕಡ್ಡಾಯ. ನೋಡುವುದು ನಮಗೇನೂ ಕಡ್ಡಾಯವಾಗಿರಲಿಲ್ಲ. ಬೀಡಿ ಸೇದುವವರು ಅದು ಮುಗಿಯುವವರೆಗೆ ಹೊರಗೇ ನಿಂತಿರುತ್ತಿದ್ದರು.

ಅದೇ ಸಂಸ್ಥೆ 1990ರಲ್ಲಿ ಮುಂಬಯಿಯಲ್ಲಿ ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್ ಚಿತ್ರಗಳಿಗೆಂದೇ ಅಂತಾರಾಷ್ಟ್ರೀಯ ಉತ್ಸವ ಆರಂಭಿಸಿತು. ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿಯ ದೊಡ್ಡ ಪ್ರಶಸ್ತಿಯ ಹೆಸರು ಸ್ವರ್ಣ ಶಂಖ. 2024ರ ಜೂನ್‌ನಲ್ಲಿ ಹದಿನೆಂಟನೆಯ ಉತ್ಸವವಾಯಿತು. ಆ ಸಲ ಮುಂಬಯಿಯ ಜೊತೆಗೆ ದೆಹಲಿ, ಕೋಲ್ಕತಾ, ಚೆನ್ನೈ, ಪುಣೆಯಲ್ಲೂ ಚಿತ್ರಗಳನ್ನು ತೋರಿಸಿದರು. ಬೆಂಗಳೂರಿನ ಹೆಸರೇ ಇರಲಿಲ್ಲ. ಕಾರವಾರದ ಮಾತು ದೂರವೇ ಉಳಿಯಿತು.

ಕಾರವಾರದಿಂದ ಮುಂಬಯಿಗೆ ರೈಲಿನಲ್ಲಿ ಒಂದು ರಾತ್ರಿಯ ದಾರಿ, ಆಸಕ್ತರು ಹೋಗಿ ನೋಡಿಬರಬಹುದು. ಆದರೆ ನಾನು ಕೇಳುತ್ತಿರುವುದು ಬೇರೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಕ್ಯಾಮೆರಾ ಹೊತ್ತು ಬಂದವರು ಕಡಿಮೆಯೇ? ಕಾಳಿ ನದಿಯ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟುಕೊಟ್ಟ ಮೀನುಗಾರರು, 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯಲ್ಲಿ ಕಡಿಯಬೇಡಿ ಎಂದು ಮರ ಅಪ್ಪಿಕೊಂಡವರು, ಯಲ್ಲಾಪುರ ಹಳಿಯಾಳದ ಸಿದ್ದಿಗಳು, ಎಲ್ಲರ ಮುಂದೆಯೂ ಒಂದಲ್ಲ ಒಂದು ದಿನ ಕ್ಯಾಮೆರಾ ನಿಂತಿದೆ. ಅಂಗಳದಲ್ಲಿ ಚಾಪೆ ಹಾಸಿ ಬೆಲ್ಲ-ನೀರು ಕೊಟ್ಟವರು, ದಿನವಿಡೀ ಕೆಲಸ ಬಿಟ್ಟು ಹೇಳಿದ್ದನ್ನೇ ಮೂರು ಸಲ ಹೇಳಿದವರು, ಆಮೇಲೆ ಆ ಚಿತ್ರ ಏನಾಯಿತು ಎಂದು ತಿಳಿದವರು ಎಷ್ಟು ಮಂದಿ? ತೆಗೆದ ಚಿತ್ರವನ್ನು ತೆಗೆಸಿಕೊಂಡವರಿಗೆ ತಂದು ತೋರಿಸಬೇಕು. ಉತ್ಸವ ಅಂತ ಮಾಡುವುದಾದರೆ ಅಲ್ಲಿಂದಲೇ ಶುರುವಾಗಲಿ ಅನ್ನುವುದು ನನ್ನ ವಾದ.

ಇದೇನೂ ಹೊಸ ವಿಚಾರವಲ್ಲ. ರಾಬರ್ಟ್ ಫ್ಲಾಹರ್ಟಿ ಎಂಬಾತ ಕೆನಡಾದ ಹಡ್ಸನ್ ಕೊಲ್ಲಿಯ ತೀರದಲ್ಲಿ ಇನುಯಿಟ್ ಜನರ ನಡುವೆ ಇದ್ದು ತೆಗೆದ ಚಿತ್ರ 1922ರಲ್ಲಿ ಬಿಡುಗಡೆಯಾಯಿತು. ಸಾಕ್ಷ್ಯಚಿತ್ರದ ಇತಿಹಾಸ ಹೇಳುವವರೆಲ್ಲ ಅದರಿಂದಲೇ ಆರಂಭಿಸುತ್ತಾರೆ. ಆತ ಆ ಹಿಮದೂರಿಗೆ ಕ್ಯಾಮೆರಾ ಒಂದನ್ನೇ ಒಯ್ಯಲಿಲ್ಲ. ಫಿಲ್ಮ್ ತೊಳೆಯುವ ಸಾಮಾನು, ಪ್ರೊಜೆಕ್ಟರು ಎಲ್ಲ ಹೊತ್ತೊಯ್ದಿದ್ದ. ವಾಲ್ರಸ್ ಎಂಬ ಭಾರೀ ಕಡಲಪ್ರಾಣಿಯ ಬೇಟೆಯನ್ನು ಚಿತ್ರಿಸಿಕೊಂಡವನು ಅಲ್ಲೇ ತೊಳೆದು, ತನ್ನ ಗುಡಿಸಲಿನಲ್ಲಿ ಊರವರನ್ನು ಕೂರಿಸಿ ತೋರಿಸಿದ. ಅವರು ಸಿನಿಮಾ ನೋಡಿದವರಲ್ಲ. ತೆರೆಯ ಮೇಲೆ ಹಗ್ಗ ಜಗ್ಗುತ್ತಿರುವುದು ಕಂಡದ್ದೇ ತಡ, ‘ಹಿಡಿ, ಬಿಡಬೇಡ’ ಎಂದು ಕೂಗತೊಡಗಿದರಂತೆ.

ಹಾಗಂತ ಆತ ಪೂರಾ ಸತ್ಯಸಂಧನೂ ಅಲ್ಲ. ಆ ಕಾಲಕ್ಕೆ ಅವರಲ್ಲಿ ಬಂದೂಕು ಬಂದಾಗಿತ್ತು. ಈಟಿಯಲ್ಲೇ ಬೇಟೆಯಾಡಿ ಎಂದ. ಹಿಮದ ಮನೆಯೊಳಗೆ ಬೆಳಕು ಸಾಲದೆ ಅರ್ಧ ಮನೆ ಮಾತ್ರ ಕಟ್ಟಿಸಿ ಒಳಗಿನ ಸಂಸಾರ ತೋರಿಸಿದ. ಸಾಕ್ಷ್ಯ ಅಂದದ್ದೆಲ್ಲ ಸಾಕ್ಷಿಯೇನೂ ಅಲ್ಲ. ಅದಕ್ಕಾಗಿಯೇ ಒಳಗಿದ್ದವರು ಕೂತು ನೋಡಬೇಕು. ‘ನಾನು ಹಾಗೆ ಹೇಳಿದ್ದಲ್ಲ, ಮುಂದಿನ ಮಾತು ಯಾಕೆ ಕತ್ತರಿಸಿದಿರಿ’ ಎಂದು ನಿರ್ದೇಶಕರನ್ನು ಎದುರಿಗೇ ಕೇಳುವಂತಾಗಬೇಕು.

ಶಿರಸಿ, ಸಿದ್ದಾಪುರದ ಗದ್ದೆಯವರಿಗೆ ಇಷ್ಟವಾಗುವ ಇನ್ನೊಬ್ಬನಿದ್ದಾನೆ, ಜಪಾನಿನ ಶಿನ್ಸುಕೆ ಒಗಾವಾ. ನರಿತಾ ವಿಮಾನ ನಿಲ್ದಾಣಕ್ಕೆ ಜಮೀನು ಕೊಡೆವೆಂದು ಹೋರಾಡಿದ ರೈತರ ಜೊತೆ ವರ್ಷಗಟ್ಟಲೆ ಇದ್ದು ಚಿತ್ರ ತೆಗೆದವನು. ಆಮೇಲೆ ತನ್ನ ತಂಡ ಕಟ್ಟಿಕೊಂಡು ಯಮಗಾತಾ ಪ್ರಾಂತದ ಮಗಿನೊ ಎಂಬ ಹಳ್ಳಿಗೇ ಹೋಗಿ ನೆಲೆಸಿದ. ನೋಡಿ ಬರಲಿಕ್ಕಲ್ಲ, ಭತ್ತ ಬೆಳೆಯಲಿಕ್ಕೆ. ಇಡೀ ತಂಡವೇ ನಾಟಿ ಮಾಡಿತು, ಕೊಯ್ಲು ಮಾಡಿತು, ತೆನೆ ಹೊಡೆ ಒಡೆಯುವುದನ್ನು ಕಾದು ಕೂತು ಚಿತ್ರಿಸಿತು. ಆತನ ಒತ್ತಾಸೆಯಿಂದಲೇ 1989ರಲ್ಲಿ ಯಮಗಾತಾ ನಗರದಲ್ಲಿ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರ ಉತ್ಸವ ಹುಟ್ಟಿತು. ಏಷ್ಯಾದಲ್ಲಿ ಅಂಥದ್ದು ಅದೇ ಮೊದಲು. ಟೋಕಿಯೋದಲ್ಲಲ್ಲ ಎನ್ನುವುದನ್ನು ಗಮನಿಸಿ. ಇವತ್ತಿಗೂ ಎರಡು ವರ್ಷಕ್ಕೊಮ್ಮೆ ಜಗತ್ತಿನ ಚಿತ್ರಗಳು ಆ ಊರಿಗೆ ಬರುತ್ತವೆ. ನಮಗೆ ಅಷ್ಟು ದೂರ ನೋಡುವುದೂ ಬೇಡ. ಘಟ್ಟದ ಮೇಲೆ ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಎಪ್ಪತ್ತರ ದಶಕದಲ್ಲೇ ಜಗತ್ತಿನ ಸಿನಿಮಾ ತರಿಸಿ ಅಡಿಕೆ ಬೆಳೆಗಾರರಿಗೆ ತೋರಿಸಿತ್ತು.

ಯಾವಾಗ ಮಾಡುವುದು? ಮಳೆಗಾಲದಲ್ಲೇ. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಬಲೆ ಹೊಲಿಯುವ ಕೆಲಸವೊಂದು ಬಿಟ್ಟರೆ ಸಂಜೆ ಖಾಲಿ. ಬಯಲಾಟದ ಮೇಳಗಳೂ ತಿರುಗಾಟ ಮುಗಿಸಿರುತ್ತವೆ. ಅದು ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಕಾಲ, ಹೊರಗೆ ಮಳೆ ಹೊಯ್ಯುತ್ತಿದ್ದರೆ ಒಳಗೆ ಕೂತು ಗಂಟೆಗಟ್ಟಲೆ ವಾದ ಕೇಳುವ ರೂಢಿ ನಮ್ಮವರಿಗೆ ಮೊದಲೇ ಇದೆ. ಚಿತ್ರ ಮುಗಿದ ಮೇಲಿನ ಚರ್ಚೆಗೆ ಇಂಥ ಸಭೆ ಮುಂಬಯಿಯಲ್ಲೂ ಸಿಗಲಿಕ್ಕಿಲ್ಲ.

ಭಾಷೆಯದೊಂದು ತೊಡಕಿದೆ. ಉತ್ಸವದ ಚಿತ್ರಗಳಿಗೆ ಸಾಮಾನ್ಯವಾಗಿ ಇಂಗ್ಲಿಷ್ ಅಡಿಬರಹ. ಓದಿ ಮುಗಿಸುವಷ್ಟರಲ್ಲಿ ಮಾಯ. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಬೆನ್ಶಿ ಎಂಬ ಕಲಾವಿದರಿದ್ದರು. ತೆರೆಯ ಪಕ್ಕ ನಿಂತು ಕತೆ ಹೇಳುವುದು, ಪಾತ್ರಗಳ ಮಾತಾಡುವುದು ಅವರ ಕೆಲಸ. ಎಷ್ಟೋ ಜನ ನಟರಿಗಿಂತ ಬೆನ್ಶಿಯ ಹೆಸರು ನೋಡಿ ಟಿಕೆಟ್ ತೆಗೆಯುತ್ತಿದ್ದರು. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ನಮ್ಮ ಒಬ್ಬ ಅರ್ಥಧಾರಿಗೆ ಚಿತ್ರವನ್ನು ಮೊದಲೇ ಎರಡು ಸಲ ತೋರಿಸಿ ಮೈಕು ಕೊಟ್ಟರೆ ಕನ್ನಡದಲ್ಲೂ ಕೊಂಕಣಿಯಲ್ಲೂ ನಿಭಾಯಿಸಿಯಾರು. ಸ್ವಲ್ಪ ಹೆಚ್ಚೇ ಮಾತಾಡಿಯಾರು ಎಂಬ ಭಯವೂ ಇದೆ ಅನ್ನಿ.

ಮೊದಲ ಸಂಜೆ ಏನು ತೋರಿಸುವುದು? ಅಂಕೋಲೆಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ಹೋದರು. ಎರಡು ತಿಂಗಳು ಕಳೆಯುವುದರೊಳಗೆ ಸುಕ್ರಿ ಬೊಮ್ಮಗೌಡರೂ ಹೋದರು. ಒಬ್ಬರು ಗಿಡ ನೆಟ್ಟವರು, ಇನ್ನೊಬ್ಬರು ಹಾಡು ಉಳಿಸಿದವರು, ಇಬ್ಬರೂ ಹಾಲಕ್ಕಿಗಳು, ಇಬ್ಬರಿಗೂ ಪದ್ಮಶ್ರೀ. ಅವರ ಅಂಗಳಕ್ಕೆ ಬಂದ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ. ಅವರ ಚಿತ್ರಗಳು ಯಾರ್‍ಯಾರ ಬಳಿ ಇವೆಯೋ ವಿಚಾರಿಸಿ ತರಿಸಿ, ಅದೇ ಕೇರಿಗಳಲ್ಲಿ ತೋರಿಸಲಿ. ಮುಂದಿನ ಸಾಲು ಗಣ್ಯರಿಗಲ್ಲ, ಚಿತ್ರದಲ್ಲಿ ಇದ್ದವರಿಗೆ ಮತ್ತು ಅವರ ಮನೆಯವರಿಗೆ. ಸ್ವಾಗತ ಭಾಷಣ, ಹಾರ, ಸ್ಮರಣಿಕೆ ಯಾವುದೂ ಬೇಡ. ಐದೂವರೆಗೆ ಎಂದು ಹೇಳಿದರೆ ಐದೂವರೆಗೇ ಶುರುವಾಗಬೇಕು, ಚರ್ಚೆ ಮುಗಿಸಿ ಹೊರಡುವವರಿಗೆ ಕೊನೆಯ ಬಸ್ಸು ಸಿಗಬೇಕು.

ನಮಸ್ಕಾರ.