ಬೆಕ್ಕಿಗೆ ಕಮೋಡ್ ಬೇಡ, ಮರಳೇ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಬೆಕ್ಕಿಗೆ ಕಮೋಡ್ ಮೇಲೆ ಕೂರೋದು ಕಲಿಸಬಹುದಾ ಅಂತ ಫ್ಲಾಟಿನಲ್ಲಿ ಬೆಕ್ಕು ಸಾಕಿದವರು ಕೇಳುತ್ತಿರುತ್ತಾರೆ. ಕಲಿಸಬಹುದು. ಅಮೆರಿಕದ ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ತಮ್ಮ ಬೆಕ್ಕಿಗೆ ಕಲಿಸಿ, ಆ ವಿಧಾನವನ್ನು ಬರೆದು ಅಚ್ಚು ಹಾಕಿಸಿದ್ದರು. ಹರಿದ ಪೇಪರ್ ಹಾಕಿದ ರಟ್ಟಿನ ಡಬ್ಬಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಟಾಯ್ಲೆಟ್ ತನಕ ತರುವುದು, ಆಮೇಲೆ ಸೀಟಿನ ಮೇಲಿಡುವುದು, ನಡುವೆ ತೂತು ಮಾಡಿ ಅದನ್ನು ದೊಡ್ಡದು ಮಾಡುತ್ತಾ ಹೋಗಿ, ಕೊನೆಗೊಂದು ದಿನ ಡಬ್ಬಿಯನ್ನೇ ತೆಗೆದುಬಿಡುವುದು. ಅವಸರ ಮಾತ್ರ ಮಾಡಬಾರದು.

ಆದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಕೆದರುವುದು, ಗುಂಡಿ ತೋಡುವುದು, ಆಮೇಲೆ ಮುಚ್ಚುವುದು, ಇದೆಲ್ಲ ಬೆಕ್ಕಿನ ಹುಟ್ಟುಗುಣ. ನುಣುಪಾದ ಸೀಟಿನ ಮೇಲೆ, ಕೆಳಗೆ ನೀರು ಕಾಣುವ ಕಡೆ, ಅದು ಕಾಲೂರಿ ಕೂರಬೇಕು ಅಂದರೆ ಕಷ್ಟ ಅಲ್ವಾ? ವಯಸ್ಸಾಗಿ ಕೀಲು ನೋವು ಬಂದ ಮೇಲಂತೂ ಹತ್ತುವುದೇ ಆಗುವುದಿಲ್ಲ, ಆಗ ಅದು ಸೋಫಾನೋ ಹಾಸಿಗೆಯೋ ಹುಡುಕುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಆರೋಗ್ಯದ್ದು. ಬೆಕ್ಕು ತನ್ನ ನೋವನ್ನು ಮುಚ್ಚಿಡುವ ಪ್ರಾಣಿ. ಮರಳು ಹಾಕಿದ ಟ್ರೇಯಲ್ಲಿ ಉಚ್ಚೆಯಿಂದ ಒದ್ದೆಯಾದ ಮರಳಿನ ಉಂಡೆ ಜಾಸ್ತಿಯಾದರೆ ಕಿಡ್ನಿ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು ಅಂತ ಗೊತ್ತಾಗುತ್ತದೆ. ಕಮೋಡಿನಲ್ಲಿ ಎಲ್ಲ ನೀರಲ್ಲಿ ಬೆರೆತು ಹೋಗುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತಿದೆ, ಮರಳು ಮಾತ್ರ ಒಣಗಿದೆ ಅಂದರೆ ಮೂತ್ರನಾಳ ಕಟ್ಟಿಕೊಂಡಿರಬಹುದು, ನಾಳೆ ನೋಡೋಣ ಅನ್ನಬೇಡಿ, ಆವತ್ತೇ ಪಶುವೈದ್ಯರ ಹತ್ತಿರ ಓಡಿ. ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ.

ಇನ್ನೊಂದು ಕಾರಣವೂ ಇದೆ. ಟಾಕ್ಸೊಪ್ಲಾಸ್ಮಾ ಅನ್ನುವ ಸೂಕ್ಷ್ಮ ಪರಾವಲಂಬಿ ಜೀವಿ ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಹೊರಬರುತ್ತದೆ. ಚರಂಡಿ ನೀರು ಶುದ್ಧಿ ಮಾಡಿದರೂ ಅದು ಪೂರ್ತಿ ಸಾಯುವುದಿಲ್ಲ. ಕ್ಯಾಲಿಫೋರ್ನಿಯಾದ ಕಡಲಿನ ನೀರುನಾಯಿಗಳು ಈ ಸೋಂಕಿನಿಂದ ಸತ್ತಿವೆ. ಹಾಗಾಗಿ ಬೆಕ್ಕಿನ ಮಲವನ್ನು ಫ್ಲಶ್ ಮಾಡದೇ ಇರುವುದೇ ಒಳ್ಳೆಯದು.

ಬೆಕ್ಕಿಗೆ ಸಲೀಸಾಗಿ ತಿರುಗಲು ಆಗುವಷ್ಟು ಅಗಲದ ಪ್ಲಾಸ್ಟಿಕ್ ಟ್ರೇ ತನ್ನಿ, ಊಟದ ಬಟ್ಟಲಿನಿಂದ ದೂರ, ಜನ ಜಾಸ್ತಿ ಓಡಾಡದ ಮೂಲೆಯಲ್ಲಿಡಿ. ಒಂದು ಬೆಕ್ಕಿದ್ದರೆ ಎರಡು ಟ್ರೇ ಇದ್ದರೆ ಇನ್ನೂ ಚೆಂದ. ಟ್ರೇಗೆ ಹಾಕಲು ಅಂಗಡಿಯ ದುಬಾರಿ ‘ಕ್ಯಾಟ್ ಲಿಟರ್’ ಪುಡಿಯೇ ಬೇಕು ಅಂತಿಲ್ಲ, ಜರಡಿ ಹಿಡಿದ ಒಣ ಮರಳೂ ನಡೆಯುತ್ತದೆ. ಮಲವನ್ನು ದಿನಾ ತೆಗೆಯಿರಿ, ಯಾಕಂದರೆ ಆ ಟಾಕ್ಸೊಪ್ಲಾಸ್ಮಾ ಹೊರಬಂದ ತಕ್ಷಣ ನಮಗೆ ಅಂಟುವುದಿಲ್ಲ, ಅದಕ್ಕೆ ಒಂದರಿಂದ ಐದು ದಿನ ಬೇಕು. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ, ಅಷ್ಟಕ್ಕೆಲ್ಲ ಬೆಕ್ಕನ್ನು ಮನೆಯಿಂದ ಆಚೆ ಬಿಡಬೇಕಾಗಿಲ್ಲ.