ಟೊಮೆಟೊ ಬಾಕ್ಸ್ ಎತ್ತೋ ಅಪ್ಪ, 140ರಲ್ಲೇ ನಿಂತ ಮಗ

[ದೃಶ್ಯ: ಕೋಲಾರ ಎಪಿಎಂಸಿ, ಬೆಳಗಿನ ಹೊತ್ತು. ಲಾರಿಗೆ ಬಾಕ್ಸ್ ಏರಿಸ್ತಿರೋ ಹಮಾಲರು.]

ಕೋಲಾರದ ಹುಡುಗನೊಬ್ಬ ಕೇಳಿದ್ದಾನೆ: "ಅಣ್ಣಾ, ನಮ್ಮಪ್ಪ ಮಾರ್ಕೆಟ್ಟಲ್ಲಿ ಹಮಾಲಿ. ದಿನಾ ನೂರಾರು ಟೊಮೆಟೊ ಬಾಕ್ಸ್ ಎತ್ತಿ ಇಳಿಸ್ತಾರೆ. ನಾನು ಪ್ರತಿ ಭಾನುವಾರ ಮ್ಯಾಕ್ಸ್ ಹೊಡೀತೀನಿ, ಒಂದೇ ಸಲಕ್ಕೆ ಗರಿಷ್ಠ ಎಷ್ಟು ತೂಕ ಎತ್ತಬಹುದು ಅಂತ. ಡೆಡ್‌ಲಿಫ್ಟ್ ಆರು ತಿಂಗಳಿಂದ 140 ಕೆ.ಜಿ.ಗೇ ನಿಂತಿದೆ. ನನ್ನಲ್ಲಿ ದಮ್ ಇಲ್ವಾ?"

ದಮ್ ಇದೆ ತಮ್ಮಾ. ಈ ಪ್ರಶ್ನೆ ಎರಡು ದಿನದಿಂದ ನನ್ನ ತಲೇಲೇ ಕೂತಿದೆ.

ಪವರ್‌ಲಿಫ್ಟಿಂಗ್ ಗೊತ್ತಿಲ್ಲದವರಿಗೆ ಒಂದೇ ಉಸಿರಲ್ಲಿ: ತೂಕದ ಬಾರ್ ಹೆಗಲ ಮೇಲಿಟ್ಟು ಕೂತು ಏಳೋದು ಸ್ಕ್ವಾಟ್, ಮಲಗಿ ಎದೆಯಿಂದ ಮೇಲೆ ತಳ್ಳೋದು ಬೆಂಚ್ ಪ್ರೆಸ್, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲೋದು ಡೆಡ್‌ಲಿಫ್ಟ್. ಒಂದೊಂದಕ್ಕೂ ಮೂರು ಅವಕಾಶ. ಪ್ರತಿಯೊಂದರಲ್ಲೂ ಎತ್ತಿದ ಹೆಚ್ಚಿನ ತೂಕ ಕೂಡಿದರೆ ಟೋಟಲ್.

ಈಗ ಬಾಕ್ಸ್ ಲೆಕ್ಕ. ಒಂದು ಬಾಕ್ಸ್ ಸುಮಾರು 15 ಕೆ.ಜಿ. ಅಪ್ಪ ನೂರು ಸಲ ಎತ್ತಿದರೂ ಪ್ರತಿ ಸಲ ಅದೇ 15. ಅದು ದಣಿವು ತಡೆಯೋ ಶಕ್ತಿ. ನಿನ್ನ 140 ಅಂದ್ರೆ ಒಂಬತ್ತು ಬಾಕ್ಸ್‌ಗಿಂತ ಜಾಸ್ತಿ, ಒಂದೇ ಏಟಿಗೆ. ಅಲ್ಲಿ ಸ್ನಾಯು ಎಷ್ಟಿದೆ ಅನ್ನೋದರ ಜೊತೆಗೆ, ನರಗಳು ಎಷ್ಟು ಸ್ನಾಯು ಎಳೆಗಳನ್ನ ಒಟ್ಟಿಗೆ ಎಬ್ಬಿಸ್ತವೆ ಅನ್ನೋದೂ ಮುಖ್ಯ.

ನನಗೆ ತುಂಬಾ ಇಷ್ಟವಾದ ಮಾತು ಇಲ್ಲಿದೆ. ರಷ್ಯಾದ ಪವರ್‌ಲಿಫ್ಟಿಂಗ್ ಕೋಚ್ ಬೋರಿಸ್ ಶೇಕೊ ಹಾಕಿಕೊಡೋ ತರಬೇತಿ ಪಟ್ಟಿ ನೋಡಿ. ಬಹುಪಾಲು ಲಿಫ್ಟ್‌ಗಳು ಮ್ಯಾಕ್ಸ್‌ನ 70ರಿಂದ 80 ಪರ್ಸೆಂಟ್ ಒಳಗೇ ಇರ್ತವೆ. 140ಕ್ಕೆ 75 ಪರ್ಸೆಂಟ್ ಅಂದ್ರೆ 105, ಸರಿಯಾಗಿ ಏಳು ಬಾಕ್ಸ್! ಎಷ್ಟೋ ದಿನ ಸ್ಕ್ವಾಟ್ ಮುಗಿಸಿ, ಬೆಂಚ್ ಮಾಡಿಸಿ, ಮತ್ತೆ ಸ್ಕ್ವಾಟ್‌ಗೇ ಕರೀತಾರೆ. ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪು ಅಂದ್ಕೊಂಡಿದ್ದೆ.

ಯಾಕೆ ಹಾಗೆ? ಚಿಕ್ಕವರಿದ್ದಾಗ ಸ್ಲೇಟಿನ ಮೇಲೆ 'ಅ' ತಿದ್ದಿಸ್ತಿದ್ರಲ್ಲ, ಹಾಗೆ. ಒಂದೇ ಗೆರೆ ಮೇಲೆ ಮತ್ತೆ ಮತ್ತೆ. ಕೈ ಸೋತು ನಡುಗುವಾಗ ತಿದ್ದಿದರೆ ನಡುಗೋ ಅಕ್ಷರವೇ ರೂಢಿಯಾಗುತ್ತೆ. ಬಾರ್ ಕೂಡ ಅಷ್ಟೇ. ಭಾನುವಾರ ಬೆನ್ನು ಗೂನಾಗಿಸಿಕೊಂಡು ಎಳೆದ 140 ಇದೆಯಲ್ಲ, ನಿನ್ನ ಮೈ ಕಲಿತಿರೋದು ಆ ಗೂನನ್ನೇ. ಸುತ್ತ ನಿಂತು "ಎತ್ತು ಎತ್ತು" ಅಂತ ಕೂಗೋ ಗೆಳೆಯರಿಗೆ ಕೈಮುಗಿದು ಕೇಳ್ತೀನಿ, ಅವನ ಸೊಂಟ ಉಳಿಸಿ.

ವಾರವಾರ ಮ್ಯಾಕ್ಸ್ ಹೊಡೆಸೋ ಪದ್ಧತಿಯೂ ಇದೆ. ಅಮೆರಿಕದ ಕೋಚ್ ಲೂಯಿ ಸಿಮನ್ಸ್ ಹಾಗೆ ಮಾಡಿಸ್ತಿದ್ರು. ಆದರೆ ಅವರು ಪದೇ ಪದೇ ವ್ಯಾಯಾಮವನ್ನೇ ಬದಲಿಸ್ತಿದ್ರು. ನೀನು ಅದೇ ಡೆಡ್‌ಲಿಫ್ಟನ್ನ ಮಾಡ್ತಿದ್ದೀಯ.

ಟೈಮ್ ಆಗ್ತಿದೆ, ಉಳಿದದ್ದು ಬೇಗ. ಒಂದು ಸಲ ಎತ್ತಿದ್ರೆ ಒಂದು ರೆಪ್, ಬಿಡುವಿಲ್ಲದೆ ಮಾಡೋ ರೆಪ್‌ಗಳ ಗುಂಪು ಒಂದು ಸೆಟ್. ಸೆಟ್ ಮುಗಿದಾಗ ಇನ್ನೆರಡು ರೆಪ್ ಮಾಡೋ ತಾಕತ್ತು ಮಿಕ್ಕಿರಬೇಕು. ಎಷ್ಟು ಕಷ್ಟ ಅನಿಸ್ತು ಅಂತ ಹತ್ತಕ್ಕೆ ಕೊಡೋ ಅಂಕ ಆರ್‌ಪಿಇ; ಆರ್‌ಪಿಇ 8 ಅನ್ನೋದು ಅದನ್ನೇ. ಸ್ಪರ್ಧೆಗೆ ಹೋಗೋದಾದ್ರೆ ಬೆಂಚ್‌ನಲ್ಲಿ ಬಾರ್ ಎದೆ ಮೇಲೆ ಅಲುಗದೆ ನಿಂತು, ರೆಫರಿ 'ಪ್ರೆಸ್' ಅಂದ್ಮೇಲೇ ತಳ್ಳಬೇಕು. ಸ್ಕ್ವಾಟ್‌ನಲ್ಲಿ ಸೊಂಟದ ಮಡಿಕೆ ಮಂಡಿಯ ಮೇಲ್ಭಾಗಕ್ಕಿಂತ ಕೆಳಗಿಳೀಬೇಕು. ಇವನ್ನ ಈಗಿನಿಂದಲೇ ರೂಢಿ ಮಾಡ್ಕೊ.

ನಿನಗೆ: ಆರು ವಾರ ಮ್ಯಾಕ್ಸ್ ಬೇಡ. ವಾರಕ್ಕೆ ಎರಡು ದಿನ, 105 ಕೆ.ಜಿ., ನಾಲ್ಕು ರೆಪ್, ಐದು ಸೆಟ್. ಹಗುರ ಅನಿಸಿದ್ರೆ ಎರಡೂವರೆ ಕೆ.ಜಿ. ಸೇರಿಸು. ಆಮೇಲೆ 145 ಹಾಕಿ, ಪಕ್ಕದಿಂದ ವಿಡಿಯೋ ತೆಗೆದು ಕಳಿಸು. ಬೆನ್ನು ಹೇಗಿದೆ ಅಂತ ನಾನು ನೋಡ್ತೀನಿ.